ಗೇರು ಫೆನಿ ಮತ್ತು ಸಾರಾಯಿ: ಸಾರ್ವಜನಿಕರು ತಿಳಿದಿರಬೇಕಾದ ವ್ಯತ್ಯಾಸ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳಲ್ಲಿ ಬೇಸಿಗೆಯು ಗೇರುಹಣ್ಣಿನ ಕಾಲವಾಗಿರುತ್ತದೆ. ಗೋವಾದ ಫೆನಿಯೂ ಊರಿನಲ್ಲಿ ಕದ್ದು ಇಳಿಸುವ ಗೇರು ಸಾರಾಯಿಯೂ ಒಂದೇ, ಹೆಸರು ಮಾತ್ರ ಬೇರೆ ಎಂಬ ಅಭಿಪ್ರಾಯವು ಭಾಗಶಃ ಮಾತ್ರ ಸರಿಯಾದುದು.

ಎರಡೂ ಭಟ್ಟಿ ಇಳಿಸಿದ ಮದ್ಯಗಳೇ. ಫೆನಿ ತಯಾರಿಕೆಯಲ್ಲಿ ಹಣ್ಣಿನ ರಸವನ್ನು ಕೆಲವು ದಿನ ತಾನಾಗಿಯೇ ಹುಳಿಯಲು ಬಿಟ್ಟು ಭಟ್ಟಿ ಇಳಿಸಲಾಗುತ್ತದೆ. ಮೊದಲ ಸಲ ದೊರೆಯುವ ಸೌಮ್ಯ ಮದ್ಯಕ್ಕೆ ಉರಾಕ್ ಎಂದು ಹೆಸರು. ಅದನ್ನು ಹುಳಿತ ರಸದೊಡನೆ ಬೆರೆಸಿ ಪುನಃ ಇಳಿಸಿದಾಗ ಶೇಕಡ 40ಕ್ಕೂ ಮೇಲ್ಪಟ್ಟು ಮದ್ಯಸಾರವಿರುವ ಫೆನಿ ಸಿದ್ಧವಾಗುತ್ತದೆ. ಗೋವಾದಲ್ಲಿ ಇದು ಪರವಾನಗಿಗೊಳಪಟ್ಟ ಉದ್ಯಮವಾಗಿದ್ದು, 2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಸೂಚಕ ದೊರೆತಿರುತ್ತದೆ.

ಸಾರಾಯಿಯ ವಿಷಯ ಬೇರೆ. ಕರ್ನಾಟಕದಲ್ಲಿ ಹಿಂದೆ ಗುತ್ತಿಗೆದಾರರ ಮೂಲಕ ಮಾರಾಟವಾಗುತ್ತಿದ್ದ ಸಾರಾಯಿಯು ಹಣ್ಣಿನದಲ್ಲ, ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಪಡೆದ ಮದ್ಯಸಾರದ್ದು. ಅದರ ಮಾರಾಟವನ್ನು 2007ರ ಜುಲೈ 1ರಿಂದ ನಿಷೇಧಿಸಲಾಗಿದೆ. ಇಂದು ಸಾರಾಯಿ ಎಂಬ ಹೆಸರಿನಲ್ಲಿ ದೊರೆಯುವುದೆಲ್ಲವೂ ಕಳ್ಳಭಟ್ಟಿಯೇ. ಬೆಲ್ಲದ್ದಾಗಲಿ, ಗೇರುಹಣ್ಣಿನದ್ದಾಗಲಿ ಯಾವ ಪರೀಕ್ಷೆಗೂ ಒಳಪಟ್ಟಿರುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ಅಮಲು ಹೆಚ್ಚಿಸಲು ಮೀಥೈಲ್ ಆಲ್ಕೋಹಾಲ್ ಬೆರೆಸಿದಲ್ಲಿ ಅದನ್ನು ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಗುರುತಿಸಲಾಗದು. ಅಲ್ಪ ಪ್ರಮಾಣವೂ ದೃಷ್ಟಿಯನ್ನು ಕಳೆಯಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ಕೃಷ್ಣಗಿರಿ ಭಾಗಗಳಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಇಂತಹ ಮದ್ಯ ಸೇವಿಸಿದವರಿಗೆ ಕಣ್ಣು ಮಂಜಾದಲ್ಲಿ ಅಥವಾ ವಾಂತಿ, ತೀವ್ರ ಹೊಟ್ಟೆನೋವು ಕಾಣಿಸಿದಲ್ಲಿ, ಪ್ರಕರಣ ದಾಖಲಾಗುವುದೆಂಬ ಅಂಜಿಕೆಯಿಂದ ಕಾಯದೆ ಕೂಡಲೇ ಆಸ್ಪತ್ರೆಗೆ ಸೇರಿಸತಕ್ಕದ್ದು.

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಪರವಾನಗಿಯ ಮೇರೆಗೆ ಇಳಿಸಲಾಗುವ ಶೇಂದಿಯು ಭಟ್ಟಿ ಇಳಿಸಿದ ಪದಾರ್ಥವಲ್ಲವಾದ್ದರಿಂದ ಮೇಲಿನ ಎರಡಕ್ಕೂ ಸೇರುವುದಿಲ್ಲ.

ಸ್ವಂತ ತೋಟದ ಹಣ್ಣು, ಮನೆಯ ಬಳಕೆ ಅಥವಾ ಔಷಧಿಗೆ ಎಂಬ ಕಾರಣಗಳಿಂದ ಭಟ್ಟಿ ಇಳಿಸಲು ವಿನಾಯಿತಿ ಇರುವುದಿಲ್ಲ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು, ಹೊರರಾಜ್ಯದಿಂದ ತರುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 32ರಡಿ ಅಪರಾಧವಾಗಿರುತ್ತದೆ. ರೈಲಿನಲ್ಲಾಗಲಿ, ಶಿರೂರು ಮಾರ್ಗವಾಗಿಯಾಗಲಿ ಫೆನಿ ತರುವವರು ತೋರಿಸುವ ಗೋವಾದ ಅಂಗಡಿ ರಸೀದಿಯು ಪರವಾನಗಿ ಎನಿಸುವುದಿಲ್ಲ.

ಸಮಾರಂಭಗಳಲ್ಲಿ ಮದ್ಯ ಒದಗಿಸಲಿಚ್ಛಿಸುವವರು ಸಾಂದರ್ಭಿಕ ಸನ್ನದಿಗಾಗಿ (ಸಿಎಲ್-5) ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಸದರಿ ಸನ್ನದಿನಡಿ ಕರ್ನಾಟಕದಲ್ಲಿ ಸುಂಕ ಪಾವತಿಯಾದ ಮದ್ಯವನ್ನು ಮಾತ್ರ ಬಳಸಬಹುದಾಗಿದೆ.