ಅಗ್ನಿಶಾಮಕ ಸ್ವಯಂಸೇವಕರು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ಹಿರಿಯರ ಮಾತು. ಈ ಸತ್ಯವನ್ನು ಅರಿತು ನಡೆದವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬನು. ಫಿಲಡೆಲ್ಫಿಯಾ ನಗರದ ಮನೆಗಳಲ್ಲಿ ಜನರು ತೆರೆದ ಸಲಿಕೆಯಲ್ಲಿ ಕೆಂಡವನ್ನು ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದರು. ಅದು ಅಪಾಯಕರವೆಂದು ಅವನು 1735ರಲ್ಲಿ ತನ್ನ ಪತ್ರಿಕೆಯ ಮೂಲಕ ಎಚ್ಚರಿಸಿದನು. ಮರುವರ್ಷ ಗೆಳೆಯರೊಡನೆ ಕೂಡಿ ‘ಯೂನಿಯನ್ ಫೈರ್ ಕಂಪನಿ’ ಎಂಬ ಸ್ವಯಂಸೇವಕರ ಸಂಘವನ್ನು ಕಟ್ಟಿದನು.

ಪ್ರತಿಯೊಬ್ಬ ಸದಸ್ಯನೂ ತನ್ನ ಖರ್ಚಿನಿಂದಲೇ ಚರ್ಮದ ಬಕೆಟ್ಟುಗಳನ್ನೂ ಗಟ್ಟಿಯಾದ ಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿ ಇಟ್ಟಿರಬೇಕಾಗಿತ್ತು. ಬಕೆಟ್ಟು ನೀರು ತರುವುದಕ್ಕೆ. ಚೀಲವಾದರೋ ಉರಿಯುವ ಮನೆಯಿಂದ ಸಾಮಾನುಗಳನ್ನು ಹೊರಗೆ ಸಾಗಿಸುವುದಕ್ಕೆ. ಬೆಂಕಿಯನ್ನು ನಂದಿಸುವುದರ ಜೊತೆಗೆ ನೊಂದವರ ಬದುಕನ್ನು ಉಳಿಸುವುದೂ ಅವರ ಕರ್ತವ್ಯವಾಗಿತ್ತು. ಸದಸ್ಯರು ತಿಂಗಳಿಗೊಮ್ಮೆ ಸಭೆ ಸೇರಿ ತಮ್ಮ ಅನುಭವಗಳನ್ನು ಚರ್ಚಿಸುತ್ತಿದ್ದರು. ಸಭೆಗೆ ಬಾರದವರು ದಂಡ ತೆರಬೇಕಾಗಿತ್ತು. ಆ ದಂಡದ ಹಣದಿಂದ ನೀರೆರಚುವ ಯಂತ್ರ, ಏಣಿ, ಕೊಕ್ಕೆ ಮೊದಲಾದ ಸಲಕರಣೆಗಳನ್ನು ಕೊಂಡರು. ಸೇರಬಯಸುವವರು ಹೆಚ್ಚಿದಂತೆ ಹೊಸ ಸಂಘಗಳು ಹುಟ್ಟಿಕೊಂಡವು.

1871ರಲ್ಲಿ ಆ ನಗರಕ್ಕೆ ಸಂಬಳ ಪಡೆಯುವ ಅಗ್ನಿಶಾಮಕ ದಳ ಬಂದಿತು. ಆದರೂ ಇಂದಿಗೂ ಅಮೆರಿಕದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ವಯಂಸೇವಕರೇ. ಚರ್ಮದ ಬಕೆಟ್ಟಿನ ಕಾಲ ಕಳೆದುಹೋಗಿದೆ. ಆದರೆ ಆಪತ್ತು ಬರುವ ಮುನ್ನವೇ ಸಲಕರಣೆಯೂ ಮನಸ್ಸೂ ಸಿದ್ಧವಾಗಿರಬೇಕೆಂಬ ಅಂದಿನ ನಿಯಮವನ್ನು ಇಂದಿನ ಸ್ವಯಂಸೇವಕನೂ ಪಾಲಿಸಬೇಕು.