ಪರದೆಯಿಲ್ಲದ ಪ್ರೋಗ್ರಾಂ ಯಾರೊಡನೆ ಮಾತಾಡುತ್ತದೆ?

ಇಮೇಲ್ ರವಾನಿಸುವ ಪ್ರೋಗ್ರಾಂ ಎದುರಿಗೆ ಯಾರೂ ಕುಳಿತಿರುವುದಿಲ್ಲ. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ನಡುರಾತ್ರಿ ಒಂದು ಪತ್ರ ತಲುಪದೆ ಹಿಂದಿರುಗಿದರೆ ಆ ಸಂಗತಿಯನ್ನು ಎಲ್ಲಾದರೂ ಬರೆದಿಡಲೇಬೇಕು. ಇಲ್ಲವಾದರೆ ಬೆಳಿಗ್ಗೆ ಪತ್ರ ಕಳಿಸಿದವರು ಬಂದು ವಿಚಾರಿಸಿದಾಗ ಯಂತ್ರ ನೋಡಿಕೊಳ್ಳುವವರ ಬಾಯಲ್ಲಿ ಉತ್ತರ ಇರುವುದಿಲ್ಲ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ 'ಸೆಂಡ್‌ಮೇಲ್' ಎಂಬ ಇಂಥದೇ ಪ್ರೋಗ್ರಾಂ ಬರೆಯುತ್ತಿದ್ದರು. ಆ ಕೆಲಸದ ಜೊತೆಜೊತೆಗೇ, ನಡೆದ ಸಂಗತಿಗಳನ್ನು ಬರೆದಿಡುವ 'ಸಿಸ್‌ಲಾಗ್' ಹುಟ್ಟಿತು. 1983ರಲ್ಲಿ 4.2 ಬಿಎಸ್‌ಡಿ ಯುನಿಕ್ಸ್ ಜೊತೆಗೆ ಅದು ಹೊರಬಂತು.

ಆಲ್ಮನ್ ತಮ್ಮ ಪ್ರೋಗ್ರಾಂಗೆಂದೇ ಒಂದು ಫೈಲು ಮಾಡಿಕೊಂಡು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಕೆಲಸವನ್ನು ಇಬ್ಬರಿಗೆ ಹಂಚಿದರು. ಏನಾಯಿತು ಎಂದು ಹೇಳುವುದಷ್ಟೇ ಪ್ರೋಗ್ರಾಂ ಪಾಲಿನದು. ಆ ಮಾತನ್ನು ಯಾವ ಫೈಲಿಗೆ ಬರೆಯಬೇಕು, ಪರದೆಯ ಮೇಲೆ ತೋರಿಸಬೇಕೆ, ಇನ್ನೊಂದು ಯಂತ್ರಕ್ಕೆ ಕಳಿಸಬೇಕೆ, ಕಿವಿಗೆ ಹಾಕಿಕೊಳ್ಳದೆ ಬಿಡಬೇಕೆ ಎಂಬುದೆಲ್ಲ ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಇನ್ನೊಂದು ಪ್ರೋಗ್ರಾಂನ ಹೊಣೆ. ಅದಕ್ಕೆ ಅಪ್ಪಣೆ ಕೊಡುವವರು ಸಿಸ್ಟಂ ಅಡ್ಮಿನ್. ಪೊಲೀಸ್ ಠಾಣೆಯಲ್ಲಿ ಒಬ್ಬೊಬ್ಬ ಪೇದೆಯೂ ತನ್ನದೊಂದು ನೋಟ್‌ಬುಕ್ ಇಟ್ಟುಕೊಳ್ಳುವ ಬದಲು ಎಲ್ಲರ ಮಾತೂ ಒಂದೇ ಠಾಣಾ ದಿನಚರಿಗೆ ಬೀಳುವ ಹಾಗೆ. ನನಗೆ ಸಿಸ್‌ಲಾಗ್‌ನಲ್ಲಿ ಅತಿ ದೊಡ್ಡದಾಗಿ ಕಾಣುವುದು ಈ ಹಂಚಿಕೆಯೇ. ನಲವತ್ತು ವರ್ಷ ಹಿಂದೆ ಬರೆದ ಪ್ರೋಗ್ರಾಂ ಕೂಡ ಒಂದಕ್ಷರ ಬದಲಾಗದೆ ಇವತ್ತಿನ ವ್ಯವಸ್ಥೆಯೊಳಗೆ ಮಾತಾಡಬಲ್ಲದು.

ಪ್ರತಿ ಸಂದೇಶದ ನೆತ್ತಿಯ ಮೇಲೆ ಒಂದು ಸಂಖ್ಯೆ ಇರುತ್ತದೆ. 34 ಎಂದಿಟ್ಟುಕೊಳ್ಳಿ. ಅದನ್ನು 8ರಿಂದ ಭಾಗಿಸಿದರೆ 4 ಬಂದು 2 ಉಳಿಯುತ್ತದೆ. ಭಾಗಲಬ್ಧ 4 ಎಂದರೆ ಮಾತು ಬಂದದ್ದು ಭದ್ರತಾ ವಿಭಾಗದಿಂದ. ಶೇಷ 2 ಎಂದರೆ ಸಂಗತಿ ಗಂಭೀರ. ಗಂಭೀರತೆಗೆ ಎಂಟು ಮೆಟ್ಟಿಲುಗಳಿವೆ. ಸೊನ್ನೆ ಎಂದರೆ ಯಂತ್ರವೇ ಕೈಕೊಟ್ಟ ಎಮರ್ಜೆನ್ಸಿ, 3 ಎಂದರೆ ಎರರ್, 4 ವಾರ್ನಿಂಗ್, ಕೊನೆಯ 7 ಡೀಬಗ್, ಅಂದರೆ ಪ್ರೋಗ್ರಾಂ ಬರೆದವರು ತಮಗಾಗಿ ಹಾಕಿಕೊಂಡ ಟಿಪ್ಪಣಿ. ವಿಭಾಗಗಳು 24. ಇಮೇಲ್‌ಗೆ 2, ಮುದ್ರಣಕ್ಕೆ 6, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ಗೆ 9. ಎಂಟನೆಯದು ಯುಯುಸಿಪಿ. ಫೋನ್ ತಂತಿಯ ಮೇಲೆ ಯಂತ್ರದಿಂದ ಯಂತ್ರಕ್ಕೆ ಫೈಲು ಸಾಗಿಸುತ್ತಿದ್ದ ಆ ಏರ್ಪಾಡನ್ನು ಬಳಸುವವರು ಈಗ ಸಿಗುವುದು ಕಷ್ಟ. ಆದರೂ ಅದರ ಮನೆ ಖಾಲಿಯಾಗಿ ಹಾಗೇ ನಿಂತಿದೆ. ಹಳೆಯ ಕೇರಿಯಲ್ಲಿ ಬಾಗಿಲು ಹಾಕಿದ ಅಂಚೆಪೆಟ್ಟಿಗೆ ಕಂಡಾಗ ಆಗುವಂಥದ್ದೇ ಏನೋ ಒಂದು ಅದನ್ನು ನೋಡಿದಾಗಲೆಲ್ಲ ನನಗೆ ಆಗುತ್ತದೆ.

ಇಷ್ಟು ವ್ಯಾಪಕವಾಗಿ ಬಳಕೆಯಲ್ಲಿದ್ದರೂ ಸಿಸ್‌ಲಾಗ್‌ನ ನಡವಳಿಕೆಯನ್ನು ಯಾರೂ ಕ್ರಮವಾಗಿ ಬರೆದಿಟ್ಟಿರಲಿಲ್ಲ. 2001ರ ಆಗಸ್ಟ್‌ನಲ್ಲಿ ಬಂದ, ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳ ಸರಣಿಯ ಆರ್‌ಎಫ್‌ಸಿ 3164 ಕೂಡ ಹೊಸ ನಿಯಮ ಮಾಡಲಿಲ್ಲ, ಬಳಕೆಯಲ್ಲಿ ಇದ್ದದ್ದನ್ನು ದಾಖಲಿಸಿತು ಅಷ್ಟೆ. ಅದರಲ್ಲಿನ ದಿನಾಂಕದಲ್ಲಿ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಇವೆ, ಇಸವಿ ಇಲ್ಲ. ಯಾವ ದೇಶದ ಗಡಿಯಾರ ಎಂಬುದೂ ಇಲ್ಲ. ಬೆಂಗಳೂರಿನ ಸರ್ವರ್ ಮತ್ತು ಫ್ರಾಂಕ್‌ಫರ್ಟ್‌ನ ಸರ್ವರ್ ಬರೆದ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೊದಲು ನಡೆದದ್ದು ಎಂದು ಹುಡುಕಬೇಕಾದವರಿಗೆ ಈ ಕೊರತೆಯ ನೋವು ಗೊತ್ತು. ಸಂದೇಶ ಸಾಗುತ್ತಿದ್ದುದು ಯುಡಿಪಿ ಎಂಬ ಹಾದಿಯಲ್ಲಿ, 514ನೇ ಪೋರ್ಟಿಗೆ. ಅದು ಡಬ್ಬಿಗೆ ಹಾಕಿದ ಅಂಚೆ ಕಾರ್ಡಿನಂತೆ: ತಲುಪಿತೆಂಬ ರಸೀದಿ ಇಲ್ಲ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಇಸವಿ, ಕಾಲವಲಯ, ಗೂಢಲಿಪಿಯ ಹಾದಿ ಎಲ್ಲಕ್ಕೂ ಕ್ರಮಬದ್ಧ ನಿಯಮ ಸಿಕ್ಕಿದ್ದು 2009ರ ಮಾರ್ಚ್‌ನಲ್ಲಿ, ಆರ್‌ಎಫ್‌ಸಿ 5424 ಮತ್ತು ಅದರ ಸಂಗಡಿಗರೊಂದಿಗೆ.

ಹೀಗೆ ಬರೆದಿಟ್ಟ ದಾಖಲೆ, ಅಂದರೆ ಲಾಗ್, ಅದನ್ನು ಬರೆದ ಯಂತ್ರದಲ್ಲೇ ಇದ್ದರೆ ಆ ಯಂತ್ರಕ್ಕೆ ನುಗ್ಗಿದ ಕಳ್ಳನೂ ಅದನ್ನು ತಿದ್ದಬಲ್ಲ. ಬರ್ಕ್ಲಿ ಕ್ಯಾಂಪಸ್ಸಿನ ಮೇಲಿನ ಗುಡ್ಡದಲ್ಲಿರುವ ಲಾರೆನ್ಸ್ ಪ್ರಯೋಗಾಲಯದಲ್ಲಿ 1986ರಲ್ಲಿ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಇದನ್ನು ಚೆನ್ನಾಗಿ ಅರಿತಿದ್ದರು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗದ್ದನ್ನು ಬೆನ್ನಟ್ಟಿ ಹೋದವರಿಗೆ ಒಳನುಗ್ಗಿದವನೊಬ್ಬ ಕಂಡ. ಯಂತ್ರದೊಳಗಿನ ದಾಖಲೆಯನ್ನೇ ನಂಬಿ ಕೂರದೆ ಅವರು ಹೊರಗಿನಿಂದ ಬರುವ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿದರು. ಕಳ್ಳ ಒತ್ತಿದ ಪ್ರತಿ ಕೀಲಿಯೂ ಕಾಗದದ ಮೇಲೆ ಬಿತ್ತು. ಕಾಗದಕ್ಕೆ ಅವನ ಕೈ ಎಟುಕುವಂತಿರಲಿಲ್ಲ. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ತಲುಪಿತು. ಇವತ್ತು ಲಾಗ್‌ಗಳನ್ನು ಬೇರೊಂದು ಸರ್ವರಿಗೆ ಕಳಿಸಿಡುವುದರ ಹಿಂದಿರುವುದೂ ಇದೇ ವಿವೇಕ.

ಲಾಗ್ ಬರೆಯುವ ಕೆಲಸವೇ ಕಳ್ಳನಿಗೆ ಬಾಗಿಲಾದದ್ದೂ ಉಂಟು. ಸಿಸ್‌ಲಾಗ್‌ಗೆ ಸಂದೇಶ ಕಳಿಸುವಾಗ ಪ್ರೋಗ್ರಾಂ ಮೊದಲು ಒಂದು ಅಚ್ಚು ಕೊಡಬೇಕು. ಅದರಲ್ಲಿ ಶೇಕಡಾ ಚಿಹ್ನೆ ಬಂದಲ್ಲೆಲ್ಲ ಮುಂದೆ ಕೊಟ್ಟ ವಿವರ ತುಂಬಿಕೊಳ್ಳುತ್ತದೆ. ಅವಸರದಲ್ಲಿ ಕೆಲವರು ಅಚ್ಚನ್ನು ಬಿಟ್ಟು, ಹೊರಗಿನವರು ಕಳಿಸಿದ ಮಾತನ್ನೇ ಅಚ್ಚಿನ ಜಾಗದಲ್ಲಿಟ್ಟರು. ಹೊರಗಿನವನು ತನ್ನ ಮಾತಿನಲ್ಲಿ ಶೇಕಡಾ ಚಿಹ್ನೆಗಳನ್ನು ಹೆಣೆದು ಕಳಿಸಿದರೆ ಅವು ಯಂತ್ರದ ನೆನಪಿನ ಕೋಣೆಗೇ ಕೈಹಾಕುತ್ತಿದ್ದವು. 2001ರ ಜನವರಿಯಲ್ಲಿ ರೆಡ್ ಹ್ಯಾಟ್ ಲಿನಕ್ಸ್ ಯಂತ್ರಗಳ ಮೇಲೆ ಹಬ್ಬಿದ 'ರಾಮೆನ್' ಎಂಬ ಹುಳು, ಅಂದರೆ ತಾನಾಗಿಯೇ ಹರಡುವ ಕೇಡಿನ ಪ್ರೋಗ್ರಾಂ, ಮೂರು ಬಿರುಕುಗಳಿಂದ ನುಸುಳುತ್ತಿತ್ತು. ಅವುಗಳಲ್ಲಿ ಎರಡು, ಫೈಲು ಹಂಚುವ ಸೇವೆಯ ಸಹಾಯಕ ಪ್ರೋಗ್ರಾಂನದು ಮತ್ತು ಮುದ್ರಣ ಸೇವೆಯದು, ಹೀಗೆ ಸಿಸ್‌ಲಾಗ್ ಕರೆದ ಸಾಲಿನಲ್ಲೇ ಇದ್ದವು. ತಿದ್ದುಪಡಿ ಎರಡೇ ಅಕ್ಷರದ್ದು: ಶೇಕಡಾ ಚಿಹ್ನೆ, ಅದರ ಪಕ್ಕದಲ್ಲೊಂದು 'ಎಸ್'. ಇಪ್ಪತ್ತು ವರ್ಷದ ನಂತರ, 2021ರ ಡಿಸೆಂಬರ್‌ನಲ್ಲಿ, ಜಾವಾ ಪ್ರೋಗ್ರಾಂಗಳ ಲಾಗ್ ಬರೆಯುವ 'ಲಾಗ್‌ಫೋರ್‌ಜೆ'ಯಲ್ಲಿ ಜಗತ್ತೇ ಬೆಚ್ಚಿಬಿದ್ದ ದೋಷ ಕಂಡುಬಂತು. ವಿಧಾನ ಬೇರೆ, ತಪ್ಪಿನ ಬೇರು ಒಂದೇ: ಬರೆದಿಡಬೇಕಾದ ಮಾತನ್ನು ಯಂತ್ರ ಆಜ್ಞೆಯೆಂದು ಓದಿತು.

ಬರೆಯಬಾರದ್ದನ್ನು ಬರೆಯುವುದು ಇನ್ನೊಂದು ಬಗೆಯ ತಪ್ಪು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಹೇಳಬೇಕಾಯಿತು. ಪಾಸ್‌ವರ್ಡುಗಳು ಮರೆಮಾಚುವ ಹಂತಕ್ಕೆ ಹೋಗುವ ಮೊದಲೇ ಒಳಗಿನ ಲಾಗ್ ಒಂದರಲ್ಲಿ ಇದ್ದಹಾಗೇ ದಾಖಲಾಗಿದ್ದವು. ದೋಷವನ್ನು ಕಂಪನಿ ತಾನೇ ಕಂಡುಕೊಂಡು ಹೇಳಿತು ಎಂಬುದನ್ನೂ ಇಲ್ಲಿ ಹೇಳಬೇಕು.

ನಮ್ಮಲ್ಲಿ ಲಾಗ್ ಈಗ ಕಾನೂನಿನ ವಿಷಯ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವೆ ನೀಡುವ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಯಂತ್ರಗಳ ಗಡಿಯಾರವನ್ನು ಗೊತ್ತುಮಾಡಿದ ಸರ್ವರುಗಳಿಗೆ ಹೊಂದಿಸಿರಬೇಕು. ಇಸವಿಯಿಲ್ಲದ ಹಳೆಯ ಸಾಲುಗಳನ್ನು ಕಂಡವರಿಗೆ ಗಡಿಯಾರದ ಮಾತೇಕೆ ಬಂತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ 180 ದಿನ ಕಾಪಾಡಿದ ಸಾಲಿನಲ್ಲಿ 'ವಿಫಲವಾಯಿತು' ಎಂದಷ್ಟೇ ಇದ್ದರೆ ಯಾರಿಗೆ ಏನು ಉಪಯೋಗ? ಯಾವ ಫೈಲು ತೆರೆಯಲಿಲ್ಲ, ಅನುಮತಿ ಇರಲಿಲ್ಲವೋ ಡಿಸ್ಕ್ ತುಂಬಿತ್ತೋ, ಯಾರ ಕೋರಿಕೆ ಅದು ಎಂಬುದು ಆ ಒಂದೇ ಸಾಲಿನಲ್ಲಿ ಸಿಗಬೇಕು. ಪ್ರೋಗ್ರಾಂ ಬರೆಯುವ ಕಿರಿಯರಿಗೆ ಇದನ್ನು ಕಲಿಸಲು ನಾವು ಕೊಡುವ ಸಮಯ ತೀರಾ ಕಡಿಮೆ. ಡೀಬಗ್ ಟಿಪ್ಪಣಿಗಳನ್ನೆಲ್ಲ ತೆರೆದಿಟ್ಟು ಮರೆತರೂ ತೊಂದರೆಯೇ. ಲಾಗ್ ಬೆಳೆದು ಡಿಸ್ಕ್ ತುಂಬಿ, ಕೊನೆಗೆ ಯಂತ್ರದ ಕೆಲಸವೇ ನಿಂತುಬಿಡುತ್ತದೆ.

ಮನೆಯಲ್ಲಿ ಲಿನಕ್ಸ್ ಇದ್ದರೆ 'ಲಾಗರ್' ಎಂಬ ಆಜ್ಞೆಯನ್ನು ಒಮ್ಮೆ ಬಳಸಿ ನೋಡಿ. ಅದರ ಮುಂದೆ 'ಬ್ಯಾಕಪ್ ಮುಗಿಯಿತು' ಎಂದು ಕನ್ನಡದಲ್ಲೇ ಬರೆಯಿರಿ. ಬೇರೇನೂ ಹೇಳದಿದ್ದರೆ ಅದರ ನೆತ್ತಿಗೆ ಏರುವ ಸಂಖ್ಯೆ 13: ವಿಭಾಗ 1, ಸಾಮಾನ್ಯ ಬಳಕೆದಾರ; ಮೆಟ್ಟಿಲು 5, ಗಮನಿಸಬೇಕಾದ ಸಂಗತಿ. ಹಳೆಯ ರೂಢಿ ಇಂಗ್ಲಿಷ್ ಅಕ್ಷರಗಳಿಗೆಂದೇ ಇತ್ತು. ಯುಟಿಎಫ್-8ಕ್ಕೆ ವಿಧಿವತ್ತಾಗಿ ಜಾಗ ಸಿಕ್ಕಿದ್ದು 2009ರ ನಿಯಮದಲ್ಲಿ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷಿನಲ್ಲಿ ಆರೇ ಬೈಟ್ ಹಿಡಿಯುವ 'ಬ್ಯಾಕಪ್' ನಮ್ಮ ಲಿಪಿಯಲ್ಲಿ, ಒತ್ತು ದೀರ್ಘಗಳೆಲ್ಲ ಸೇರಿ, 21 ಬೈಟ್ ಆಗಿ ಕ್ರಾನ್ ಬರೆದ ಸಾಲುಗಳ ನಡುವೆ ಹೋಗಿ ಕೂರುತ್ತದೆ.