ಆಟದ ವಿಮರ್ಶೆಯಲ್ಲೂ ಆರೋಗ್ಯದ ಎಚ್ಚರಿಕೆ

ಮಕ್ಕಳಿಗೆ ವಿಡಿಯೋ ಗೇಮ್ ಕೊಡಿಸುವಾಗ ಬೆಲೆ ನೋಡುತ್ತೇವೆ. ವಿಮರ್ಶೆ ಓದುವವರು ಕಡಿಮೆ. ಓದಿದರೆ ಹಣವಷ್ಟೇ ಅಲ್ಲ, ಆರೋಗ್ಯವೂ ಉಳಿದೀತು.

ಭಾರಿ ನಿರೀಕ್ಷೆ ಹುಟ್ಟಿಸಿದ್ದ 'ಸೈಬರ್‌ಪಂಕ್ 2077' ಎಂಬ ವಯಸ್ಕರ ಆಟ 2020ರ ಡಿಸೆಂಬರ್‌ನಲ್ಲಿ ಹೊರಬಂದಾಗ ಅದರ ದೋಷಗಳಿಂದ ಹಲವರಿಗೆ ನಿರಾಸೆಯಾಯಿತು. ಸೋನಿ ಕಂಪನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ಕೆಲವು ತಿಂಗಳು ತೆಗೆದೇಹಾಕಿತು. ಆದರೆ ಬಿಡುಗಡೆಗೆ ಮೊದಲೇ ವಿಮರ್ಶಕಿಯೊಬ್ಬರು ಇನ್ನೂ ಗಂಭೀರವಾದ ದೋಷವನ್ನು ಬರೆದಿದ್ದರು. ಆಡುವಾಗ ತಮಗೆ ಫಿಟ್ಸ್ ಬಂತೆಂದೂ, ಕೆಂಪು-ಬಿಳಿ ಬೆಳಕು ವೇಗವಾಗಿ ಮಿನುಗುವ ದೃಶ್ಯದ ಬಗ್ಗೆ ಎಚ್ಚರವಿರಲೆಂದೂ ತಿಳಿಸಿದರು. ಕೆಲವೇ ದಿನಗಳಲ್ಲಿ ತಯಾರಕರು ಆ ದೃಶ್ಯವನ್ನು ಬದಲಿಸಿದರು.

ಮೂರ್ಛೆರೋಗವಿರುವ ಕೆಲವರಿಗೆ, ಮುಖ್ಯವಾಗಿ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ, ಮಿನುಗುವ ಬೆಳಕು ಫಿಟ್ಸ್ ತರಿಸಬಲ್ಲದು. ನಿದ್ದೆಗೆಟ್ಟಿದ್ದರೆ ಅಪಾಯ ಹೆಚ್ಚು. ಅಂಥ ಮಕ್ಕಳಿರುವ ಮನೆಯವರು ಆಟಕ್ಕೆ ಸಿಕ್ಕ ಅಂಕವನ್ನಷ್ಟೇ ನೋಡಿದರೆ ಸಾಲದು, ವಿಮರ್ಶೆಯನ್ನು ಪೂರ್ತಿ ಓದಬೇಕು. ಕತ್ತಲೆ ಕೋಣೆಯಲ್ಲಿ, ಪರದೆಯ ತೀರ ಹತ್ತಿರ ಕೂತು ಆಡಲು ಬಿಡಬಾರದು.

ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. 5 ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಸಲ ಬಂದದ್ದಾದರೆ, ಬೇಗ ನಿಂತರೂ ವೈದ್ಯರಿಗೆ ತೋರಿಸಿ.